ಲೇತ್ ಯಂತ್ರವನ್ನು ನಿಜವಾಗಿಯೂ ಮುಟ್ಟಲು ಅನುಮತಿ ಕೋರಿ

ಇಂದ,
ತಮ್ಮ ಮಾಹಿತಿ ಪುಸ್ತಿಕೆಯ ಮುಖಪುಟದಲ್ಲಿ ಹಳದಿ ಹೆಲ್ಮೆಟ್ ಹಾಕಿಕೊಂಡು ನಗುತ್ತಿರುವ ಹುಡುಗಿ,
ಮೂರನೇ ವರ್ಷ, ಮೆಕ್ಯಾನಿಕಲ್ ವಿಭಾಗ.

ಗೆ,
ಸಂಚಾಲಕರು,
ಇಂಜಿನಿಯರಿಂಗ್ ವಿದ್ಯಾರ್ಥಿನಿಯರ ಧನಸಹಾಯ ಮತ್ತು ಮಾರ್ಗದರ್ಶನ ಸಮಿತಿ.

ವಿಷಯ: ಗುರುವಾರದ ಮಾರ್ಗದರ್ಶನದಿಂದ ಬಿಡುಗಡೆ ಕೋರಿ.

ಉಲ್ಲೇಖ:
೧) ಪುಸ್ತಿಕೆಯಲ್ಲಿನ ತಮ್ಮ ಘೋಷಣೆ, "ಯಂತ್ರಗಳು ಇನ್ನು ಅವಳ ಕೈಯಲ್ಲಿ."
೨) ನನ್ನ ಅಮ್ಮ ಕಳೆದ ಭಾನುವಾರ ಕೇಳಿದ ಮೌಖಿಕ ಪ್ರಶ್ನೆ.

ಮಾನ್ಯರೇ,

ನಾವೇ ಫೀಸು ಕಟ್ಟಿ ಓದಿಸುತ್ತಿರುವಾಗ ಇವಳಿಗೆ ಇನ್ನೇನಂತೆ ಎಂದು ತಾವು ಹುಬ್ಬೇರಿಸುವ ಮೊದಲೇ ಕಾರಣಗಳನ್ನು ಸಲ್ಲಿಸುತ್ತಿದ್ದೇನೆ.

೧. ತಮ್ಮ ನೆರವು ಇಲ್ಲದಿದ್ದರೆ ನಾನು ಈ ಕಾಲೇಜಿನ ಗೇಟು ದಾಟುತ್ತಿರಲಿಲ್ಲ. ಹಾಸ್ಟೆಲ್ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವ ನನ್ನ ಅಮ್ಮ ತಮ್ಮನ್ನು ದಿನವೂ ನೆನೆಯುತ್ತಾಳೆ. ಈ ಮಾತಿನಲ್ಲಿ ಕೊಂಕಿಲ್ಲ. ಮುಂದಿನವುಗಳ ಬಗ್ಗೆ ಖಾತರಿ ಕೊಡಲಾರೆ.

೨. ತಮ್ಮ ನಿಯಮದಂತೆ ಗುರುವಾರ ಮಧ್ಯಾಹ್ನದ ಮಾರ್ಗದರ್ಶನ ಸಭೆ ಕಡ್ಡಾಯ, ತಪ್ಪಿಸಿದರೆ ನೆರವು ರದ್ದು. ನಮ್ಮ ತಂಡಕ್ಕೆ ಈ ಸೆಮಿಸ್ಟರಿನಲ್ಲಿ ಶುರುವಾದ ಲೇತ್ ವರ್ಕ್‌ಶಾಪ್ ಇರುವುದೂ ಗುರುವಾರ ಮಧ್ಯಾಹ್ನವೇ. ಅಲ್ಲಿ ಹಾಜರಿ ಇಲ್ಲದ ಕಾರಣ ನನ್ನನ್ನು ಪ್ರಾಯೋಗಿಕ ಪರೀಕ್ಷೆಗೆ ಬಿಡುವುದಿಲ್ಲವಂತೆ. ಪರೀಕ್ಷೆ ಪಾಸಾಗದಿದ್ದರೆ, ತಮ್ಮದೇ ಇನ್ನೊಂದು ನಿಯಮದಂತೆ, ಆಗಲೂ ನೆರವು ರದ್ದು. ಆದ್ದರಿಂದ ನನ್ನನ್ನು ಓದಿಸುವ ಯೋಜನೆಯೇ ನನ್ನ ಓದು ನಿಲ್ಲಿಸಲಿದೆ ಎಂಬುದನ್ನು ತಮ್ಮ ಅವಗಾಹನೆಗೆ ತರುತ್ತಿದ್ದೇನೆ.

೩. ಸಭೆ ನಡೆಯುವುದು ವರ್ಕ್‌ಶಾಪಿನ ನೇರ ಮೇಲಿನ ಮಹಡಿಯಲ್ಲಿ. ಈ ಸೆಮಿಸ್ಟರ್ ಪೂರ್ತಿ ವಿಷಯ "ಯಂತ್ರಗಳ ಭಯ ಬಿಡಿ." ಕೆಳಗೆ ಹುಡುಗರು ಕಬ್ಬಿಣ ಕಡೆಯಲು ಲೇತ್ ಓಡಿಸುವ ಸದ್ದಿಗೆ ಮಾರ್ಗದರ್ಶಕರ ಮಾತು ಕೇಳಿಸದ ಕಾರಣ ಕಿಟಕಿಗಳನ್ನು ಮುಚ್ಚಿಸಲಾಯಿತು. ನಾನು ತಡೆಯಲಾರದೆ ಎದ್ದು ನಿಂತೆ. "ಸರ್, ಕೆಳಗೆ ಹೋಗಿ ಅದನ್ನೇ ಓಡಿಸಿದ್ರೆ ಭಯ ಬೇಗ ಹೋಗಲ್ವಾ?"

"ಮೊದ್ಲು ಆತ್ಮವಿಶ್ವಾಸ ಬರ್ಲಿ ಕಣಮ್ಮ. ಮಿಷಿನ್ ಎಲ್ಲಿಗೆ ಓಡಿಹೋಗುತ್ತೆ?"

ಮಿಷಿನ್ ಎಲ್ಲಿಗೂ ಹೋಗಲಿಲ್ಲ. ಸೆಮಿಸ್ಟರ್ ಹೋಯಿತು.

೪. ವರ್ಕ್‌ಶಾಪಿನೊಳಗೆ ನಾನು ಕಾಲಿಟ್ಟಿದ್ದು ಒಂದೇ ಸಲ, ತಮ್ಮ ಮುಖಪುಟದ ಫೋಟೋಗಾಗಿ. ಲೇತ್‌ನ ಕರೆಂಟು ತೆಗೆದು, ಫಳಫಳ ಒರೆಸಿ, ನನ್ನ ಕಿವಿ ಮುಚ್ಚುವಷ್ಟು ದೊಡ್ಡ ಹೆಲ್ಮೆಟ್ ಹಾಕಿಸಿದರು. ಇಲ್ಲಿ ಬೇಕಾದದ್ದು ಕಣ್ಣಿನ ರಕ್ಷಣೆಯ ಕನ್ನಡಕ ಎಂದೆ. ಕನ್ನಡಕ ಹಾಕಿದರೆ ಮುಖ ಕಾಣುವುದಿಲ್ಲವಂತೆ. ಕೈ ಚಾಚಿದಾಗ ಮಾರ್ಗದರ್ಶಕರು ಗಾಬರಿಯಾಗಿ ಕೂಗಿದರು. "ಮುಟ್ಬೇಡಮ್ಮಾ, ಎಣ್ಣೆ ಆಗುತ್ತೆ! ಮುಟ್ಟಿದ ಹಾಗೆ ಕಾಣಿಸಿದ್ರೆ ಸಾಕು."

೫. ಆ ಮುಖಪುಟವನ್ನು ಅಮ್ಮ ಹಾಸ್ಟೆಲ್ ಅಡುಗೆಮನೆಯ ಬಾಗಿಲಿಗೆ ಅಂಟಿಸಿದ್ದಾಳೆ. ತರಕಾರಿ ತರುವವನಿಗೂ ತೋರಿಸದೆ ಬಿಡುವುದಿಲ್ಲ. ಭಾನುವಾರ ಅದನ್ನೇ ದಿಟ್ಟಿಸುತ್ತಾ ಕೇಳಿದಳು. "ಅಲ್ಲ ಕಣೇ, ನಿನ್ನ ಕೈ ಮಿಷಿನ್ ಮೇಲೆ ಇಲ್ವಲ್ಲೇ. ಗಾಳೀಲಿ ಯಾಕಿದೆ?"

"ಬಿಸಿ ಇತ್ತಮ್ಮ," ಎಂದೆ.

"ಹುಷಾರು ಕಣೇ, ಸುಟ್ಟುಕೊಂಡೀಯ," ಎಂದು ನನ್ನ ಬೆರಳುಗಳನ್ನು ಹಿಡಿದು ನೋಡಿದಳು.

ಆದ್ದರಿಂದ, ಗುರುವಾರ ನನ್ನನ್ನು ಒಂದು ಮಹಡಿ ಕೆಳಗೆ ಇಳಿಯಲು ಬಿಡಬೇಕಾಗಿ ವಿನಂತಿ. ಮಾರ್ಗದರ್ಶಕರೂ ಬಂದು ಪಕ್ಕದಲ್ಲೇ ನಿಂತು ಕಲಿಸಬಹುದು, ಅವರಿಗೆ ಯಂತ್ರಗಳ ಭಯ ಇಲ್ಲದಿದ್ದರೆ.

ತಮ್ಮ ಮುಖಪುಟದ ವಿಶ್ವಾಸಿ,
(ಸಹಿ)

ಲಗತ್ತುಗಳು:
೧) "ಯಂತ್ರಗಳ ಭಯ ಬಿಡಿ" ಸಭೆಯ ಪೂರ್ಣ ಹಾಜರಿ ಪ್ರಮಾಣಪತ್ರ.
೨) ವರ್ಕ್‌ಶಾಪಿನ ಹಾಜರಿ ಕೊರತೆಯ ನೋಟಿಸು.
೩) ಹೆಲ್ಮೆಟ್, ವಾಪಸು.

ವಿ.ಸೂ.: ಮನವಿಯನ್ನು ತಿರಸ್ಕರಿಸುವುದಾದಲ್ಲಿ, ಪುಸ್ತಿಕೆಯ ಮುಂದಿನ ಮುದ್ರಣದಲ್ಲಿ ನನ್ನ ಕೈಯನ್ನು ಕಂಪ್ಯೂಟರಿನಲ್ಲಾದರೂ ಕೆಳಗಿಳಿಸಿ ಯಂತ್ರಕ್ಕೆ ತಾಗಿಸಿ, ಒಂದು ಪ್ರತಿಯನ್ನು ಅಡುಗೆಮನೆಗೆ ಕಳಿಸಿಕೊಡಬೇಕಾಗಿ ಕೋರಿಕೆ. ಅಮ್ಮ ಮತ್ತೆ ಕೇಳಿದರೆ ಹೇಳಲು ನನ್ನ ಹತ್ತಿರ ಇನ್ನೊಂದು ಸುಳ್ಳಿಲ್ಲ.