ನಾಲ್ಕು ಸೆಲ್ಲಿನ ಲಿಖಿತ ವಾದ

ವಕೀಲರು: ನನ್ನ ಲ್ಯಾಪ್‌ಟಾಪ್ ಮುಟ್ಟಿದ್ದು ಯಾರು? ನಿಮ್ಮನ್ನ ಬಿಟ್ರೆ ಈ ಆಫೀಸಲ್ಲಿ ಇನ್ಯಾರಿದ್ದಾರೆ?

ಟೈಪಿಸ್ಟ್: ನೀವಿದ್ದೀರಲ್ಲ ಸಾರ್.

ವಕೀಲರು: ಕುಹಕ ಬೇಡಮ್ಮ. ಎರಡೂವರೆಗೆ ಕೋರ್ಟಿಗೆ ಲಿಖಿತ ವಾದ ಕೊಡಬೇಕು. ಒಂದು ವಾರ ಕೂತು ಇದರೊಳಗೆ ಬರೆದಿದ್ದೆ. ಈಗ ನೋಡಿದ್ರೆ ಪರದೆಯಲ್ಲಿರೋ ಎಂಟು ಸಾಲೂ ಖಾಲಿ.

ಟೈಪಿಸ್ಟ್: ಕಿಟಕಿ ಕಡೆ ಓರೆ ಮಾಡಿ ನೋಡಿ. ಹಾಗೆ ಹಿಡಿದ್ರೆ ಮಾತ್ರ ಅಕ್ಷರ ಕಾಣೋದು ಅಂತ ನೀವೇ ಅಂದಿದ್ರಿ.

ವಕೀಲರು: ಎಲ್ಲಾ ಕಡೆಗೂ ಓರೆ ಮಾಡಿದ್ದಾಯ್ತು.

ಇಪ್ಪತ್ತೆರಡು ವರ್ಷದಿಂದ ಈ ಆಫೀಸಿನ ಶೀಘ್ರಲಿಪಿ, ಟೈಪು ಎರಡನ್ನೂ ಹೊತ್ತ ಹೆಂಗಸು ಆಕೆ. ಅದು ಎಂಬತ್ತರ ದಶಕ, ಲ್ಯಾಪ್‌ಟಾಪ್ ಎಂಬುದೇ ಆಗ ಹೊಸದು. ದಪ್ಪ ಪುಸ್ತಕದ ಗಾತ್ರದ ಈ ಯಂತ್ರ ಬಂದ ದಿನವೇ ವಕೀಲರು ಆಕೆಗೆ, ಮುಂದಿನ ತಿಂಗಳಿಂದ ಬರಬೇಕಾಗಿಲ್ಲ ಎಂದುಬಿಟ್ಟಿದ್ದರು. ಕೆಲಸ ಹೋಗುವ ಸಂಕಟ ಒಂದು ಕಡೆಗಿರಲಿ, ಪೆನ್‌ಟಾರ್ಚಿನ ಸೆಲ್ ನುಂಗಿ ಬದುಕುವ ಡಬ್ಬಿಯೊಂದು ತನ್ನ ಜಾಗಕ್ಕೆ ಬಂತಲ್ಲ ಎಂದು ಆಕೆಗೆ ಮೈಯೆಲ್ಲ ಉರಿದಿತ್ತು.

ಟೈಪಿಸ್ಟ್: ನಾಲ್ಕು ಪ್ರಶ್ನೆ ಕೇಳ್ತೀನಿ ಸಾರ್. ಹೌದು, ಇಲ್ಲ, ಅಷ್ಟೇ ಹೇಳಿ. ಸಾಕ್ಷಿಗಳಿಗೆ ನೀವು ಹಾಗೇ ತಾನೆ ಹೇಳೋದು?

ವಕೀಲರು: ಕೇಳಿ, ಕೇಳಿ. ಇದೊಂದು ಬಾಕಿ ಇತ್ತು.

ಟೈಪಿಸ್ಟ್: ವೈರೂ ಬೇಡ, ಕರೆಂಟೂ ಬೇಡ, ನಾಲ್ಕು ಸೆಲ್ ಸಾಕು, ಮರದ ಕೆಳಗೆ ಕೂತೂ ಬರೀಬಹುದು ಅಂತ ಬಂದವರಿಗೆಲ್ಲ ಹೇಳಿದ್ದು ಹೌದಾ?

ವಕೀಲರು: ಹೌದು.

ಟೈಪಿಸ್ಟ್: ಎಷ್ಟು ದಿನ ಮರದ ಕೆಳಗೆ ಕೂತ್ರಿ? ಹೋಗ್ಲಿ, ಅದು ಬೇಡ. ಮೆಷಿನ್ನನ್ನ ಟೇಪ್ ರೆಕಾರ್ಡರಿಗೆ ಜೋಡಿಸಿ, ಬರೆದದ್ದನ್ನ ಕ್ಯಾಸೆಟ್ಟಿಗೆ ಇಳಿಸಿಕೊಳ್ಳಿ ಅಂತ ಇದರ ಜೊತೆ ಬಂದ ಪುಸ್ತಕದಲ್ಲಿದೆ. ಇಳಿಸಿಕೊಂಡ್ರಾ?

ವಕೀಲರು: ಆ ಪುಸ್ತಕ ಓದೋಕೆ ಪುರುಸೊತ್ತು ಎಲ್ಲಿತ್ತು?

ಟೈಪಿಸ್ಟ್: ಹೌದಾ, ಇಲ್ವಾ?

ವಕೀಲರು: ಇಲ್ಲ.

ಟೈಪಿಸ್ಟ್: ನಿನ್ನೆ ಸಂಜೆ ಗೋಡೆ ಗಡಿಯಾರ ನಿಂತಿತ್ತು. ಇವತ್ತು ಓಡ್ತಿದೆ. ಅದಕ್ಕೆ ಸೆಲ್ ಎಲ್ಲಿಂದ ಬಂತು?

ವಕೀಲರು ಗಡಿಯಾರ ನೋಡಿದರು. ಹನ್ನೆರಡು ಗಂಟೆ ಐದು ನಿಮಿಷ. ಅದು ಟಿಕ್ ಟಿಕ್ ಎನ್ನುತ್ತಾ ಅವರ ವಿರುದ್ಧವೇ ಸಾಕ್ಷಿ ಹೇಳುತ್ತಿತ್ತು.

ವಕೀಲರು: ಮೆಷಿನ್ ಆಫ್ ಆಗಿತ್ತಲ್ಲಮ್ಮ. ಆಫ್ ಆಗಿರೋದಕ್ಕೆ ಸೆಲ್ ಯಾತಕ್ಕೆ ಅಂತ ಬೆಳಿಗ್ಗೆ ಬಂದವನು ಒಂದೇ ಒಂದು ತೆಗೆದೆ. ಆಮೇಲೆ ಹೊಸದು ತಂದು ಹಾಕಿದ್ದೀನಿ.

ಟೈಪಿಸ್ಟ್: ಆಫ್ ಆದ್ಮೇಲೂ ಬರೆದದ್ದನ್ನ ಹಿಡಿದಿಟ್ಟುಕೊಳ್ಳೋದು ಆ ಸೆಲ್ಲುಗಳೇ ಸಾರ್. ಪುಸ್ತಕದ ಹನ್ನೊಂದನೇ ಪುಟ. ನನಗೀಗ ಕೆಲಸ ಕಮ್ಮಿ ನೋಡಿ, ಕೂತು ಓದಿದೆ.

ವಕೀಲರು ಕುರ್ಚಿಯಲ್ಲಿ ಕುಸಿದರು. ಗದ್ದರಿಸಿ ಅಭ್ಯಾಸವಿದ್ದ ದನಿ ಪಾತಾಳಕ್ಕೆ ಇಳಿಯಿತು.

ವಕೀಲರು: ನನ್ನ ಕಕ್ಷಿದಾರನಿಗೆ ಏನಂತ ಮುಖ ತೋರಿಸ್ಲಿ? ಆ ವಾದದಲ್ಲಿ ಒಂದು ಸಾಲೂ ನೆನಪಿಲ್ಲ.

ಟೈಪಿಸ್ಟ್ ಮೇಜಿನ ಖಾನೆ ಎಳೆದು ತನ್ನ ಶೀಘ್ರಲಿಪಿಯ ಪುಸ್ತಕ ತೆಗೆದಳು. ಆಮೇಲೆ ಟೈಪ್‌ರೈಟರಿನ ಹೊದಿಕೆ ಸರಿಸಿದಳು. ಅವಸರವನ್ನೇನೂ ತೋರಲಿಲ್ಲ.

ವಕೀಲರು: ಏನದು?

ಟೈಪಿಸ್ಟ್: ನಿಮ್ಮ ವಾದ. ಒಂದೇ ಬೆರಳಲ್ಲಿ ಕುಟ್ಟುತ್ತಾ ಒಂದೊಂದು ಪದಾನೂ ಗಟ್ಟಿಯಾಗಿ ಹೇಳ್ಕೊಳ್ತಿದ್ರಿ. ನೀವು ಬಾಯಿ ತೆಗೆದ್ರೆ ನನ್ನ ಪೆನ್ಸಿಲ್ ಓಡುತ್ತೆ, ಇಪ್ಪತ್ತೆರಡು ವರ್ಷದ ಚಟ. ಆದ್ರೆ ಇಷ್ಟು ನಿಧಾನಕ್ಕೆ ನೀವು ಯಾವತ್ತೂ ಬರೆಸಿರ್ಲಿಲ್ಲ ಸಾರ್. ಮಧ್ಯೆ ಮಧ್ಯೆ ತೂಕಡಿಸಿದ್ದೂ ಉಂಟು.

ವಕೀಲರು: ಪೂರ್ತಿ ಇದೆಯಾ?

ಟೈಪಿಸ್ಟ್: ಮೆಷಿನ್ ಬಂದ ದಿನದಿಂದ ನೀವು ಆಡಿದ್ದೆಲ್ಲಾ ಇದೆ. ಮೊದಲನೇ ಸಾಲು, 'ಮುಂದಿನ ತಿಂಗಳಿಂದ ನೀವು ಬರಬೇಕಾಗಿಲ್ಲಮ್ಮ.' ಇದನ್ನ ಟೈಪ್ ಮಾಡ್ಲಾ, ಹೊಡೆದು ಹಾಕ್ಲಾ?

ವಕೀಲರು ಒಮ್ಮೆ ಯಂತ್ರವನ್ನು ನೋಡಿದರು, ಒಮ್ಮೆ ಗಡಿಯಾರವನ್ನು ನೋಡಿದರು.

ವಕೀಲರು: ಹೊಡೆದು ಹಾಕಿ.

ಆಕೆ ಆ ಸಾಲಿನ ಮೇಲೆ ಗೆರೆ ಎಳೆದಳು. ಪುಸ್ತಕವನ್ನೂ ಪೆನ್ನನ್ನೂ ಅವರ ಮುಂದೆ ಸರಿಸಿದಳು.

ಟೈಪಿಸ್ಟ್: ಪಕ್ಕದಲ್ಲಿ ಸಹಿ ಮಾಡಿ ಸಾರ್. ಹೊಡೆದು ಹಾಕಿದ ಕಡೆ ಸಹಿ ಇಲ್ಲದಿದ್ರೆ ನಡೆಯಲ್ಲ ಅಂತ ಕಲಿಸಿದ್ದು ನೀವೇ.