ಫೆಲ್ಸಿಬಾಯಿಗಾಗಿ ಐರ್ಲೆಂಡಿನಲ್ಲಿ ಹಾಡಿದ್ದು

ಹಾಡಲು ಬಾರದವರಲ್ಲಿ ಎರಡು ಬಗೆ: ಬಾರದೆಂದು ಗೊತ್ತಿರುವವರು, ಗೊತ್ತಿಲ್ಲದವರು. ಮೊದಲಿನವರಿಂದ ಲೋಕಕ್ಕೆ ತೊಂದರೆಯಿಲ್ಲ. ನಾನು ಬಹುಕಾಲ ಎರಡನೆಯ ಗುಂಪಿನಲ್ಲಿದ್ದೆ. ಅಬುಧಾಬಿಗೆ ಬಂದ ಹೊಸತರಲ್ಲಿ ನಮ್ಮ ಇಗರ್ಜಿಯ ಕೊಂಕಣಿ ಗಾಯನ ಮಂಡಳಿಗೆ ಸೇರಿಕೊಂಡೆ. ಹೆಂಡತಿ ಲವೀನಾ ಸೊಗಸಾಗಿ ಹಾಡುತ್ತಾಳೆ; ಅವಳ ಪಕ್ಕ ನಿಂತರೆ ನನ್ನ ಸ್ವರವೂ ಸೊಗಸಾಗುತ್ತದೆಂಬ ಭ್ರಮೆ. ಮಂಡಳಿ ನಡೆಸುತ್ತಿದ್ದವರು ಫೆಲ್ಸಿಬಾಯಿ. ಅಲ್ಲಿಯ ಆಸ್ಪತ್ರೆಯೊಂದರಲ್ಲಿ ಮೂವತ್ತು ವರ್ಷದಿಂದ ನರ್ಸ್. ಸೂಜಿ ಚುಚ್ಚುವಾಗಲೂ ಶ್ರುತಿ ತಿದ್ದುವಾಗಲೂ ಅವರದು ಒಂದೇ ಮೆತ್ತನೆಯ ದನಿ. ಎರಡನೆಯ ಶುಕ್ರವಾರವೇ ನನ್ನನ್ನು ಬದಿಗೆ ಕರೆದು, "ವಲ್ಲಿ, ನಮಗೆ ಕುರ್ಚಿ ಹಾಕಲಿಕ್ಕೆ, ಮೈಕ್ ಜೋಡಿಸಲಿಕ್ಕೆ ಒಬ್ಬ ಗಟ್ಟಿ ಜನ ಬೇಕಿತ್ತು ಮಾರಾಯ" ಎಂದರು. ಬಡ್ತಿ ಸಿಕ್ಕಿತೆಂದು ಹಿಗ್ಗಿದೆ. ಅದರ ಅರ್ಥವನ್ನು ಲವೀನಾ ಮನೆಯ ಲಿಫ್ಟಿನಲ್ಲಿ ಬಿಡಿಸಿ ಹೇಳಿದಳು.

ಹಮ್ದಾನ್ ಸ್ಟ್ರೀಟಿನ ಒಂದು ಟ್ರಾವೆಲ್ಸ್‌ನಲ್ಲಿ ಟಿಕೆಟ್ ಮಾಡುವ ಕೆಲಸ ನನ್ನದು. ಸಾವಿರಾರು ಜನರನ್ನು ಲೋಕ ಸುತ್ತಿಸಿದ ನಾನು ಮಂಗಳೂರು ಬಿಟ್ಟು ಬೇರೆಲ್ಲೂ ಇಳಿದವನಲ್ಲ. ಎಲ್ಲರ ಕೈಗೂ ವಾಟ್ಸಾಪ್ ಬಂದ ಆ ದಿನಗಳಲ್ಲಿ ಲವೀನಾಳ ತಂಗಿ ಐರ್ಲೆಂಡಿನಲ್ಲಿ ನರ್ಸ್ ಕೆಲಸಕ್ಕೆ ಸೇರಿ, ದಿನಕ್ಕೆ ಹತ್ತು ಹಸಿರು ಫೋಟೋ ಕಳಿಸತೊಡಗಿದಳು. ಕೊನೆಗೆ ಒಂದು ಜುಲೈಯಲ್ಲಿ ಹೊರಟೆವು. ಸುದ್ದಿ ತಿಳಿದು ಫೆಲ್ಸಿಬಾಯಿ ಮನೆಗೆ ಬಂದರು. ತಂಗಿಯಿರುವ ಕಡಲೂರಿನ ಹೆಸರು ಕೇಳಿ ಚಹಾದ ಲೋಟ ಕೆಳಗಿಟ್ಟರು. ನಾವು ಹಬ್ಬಹಬ್ಬಕ್ಕೆ ಹಾಡುವ ಒಂದು ಇಂಗ್ಲಿಷ್ ಸ್ತುತಿಗೀತೆ ಹುಟ್ಟಲು ಆ ಊರೇ ಕಾರಣವಂತೆ. ಹಿಂದೊಮ್ಮೆ ಬಿರುಗಾಳಿಗೆ ಸಿಕ್ಕಿ ಜಖಂಗೊಂಡ ಹಡಗೊಂದು ಹೇಗೋ ಅಲ್ಲಿ ದಡ ಸೇರಿತು; ಬದುಕಿ ಬಂದ ನಾವಿಕನೊಬ್ಬ ದೇವರ ಕಡೆ ತಿರುಗಿ, ಮುಂದೆ ಅದನ್ನು ಬರೆದ.

"ಒಮ್ಮೆ ಅಲ್ಲಿ ಹೋಗಿ ನಿಲ್ಲಬೇಕು ಅಂತ ಎಷ್ಟು ವರ್ಷದಿಂದ ಇತ್ತು. ಇನ್ನು ಆಗುವುದಿಲ್ಲ, ಆಗಸ್ಟಿಗೆ ನನ್ನ ವೀಸಾ ಕ್ಯಾನ್ಸಲ್. ಖಲಾಸ್, ಊರಿಗೆ" ಎಂದರು ಫೆಲ್ಸಿಬಾಯಿ. ನಕ್ಕರು, ಆದರೆ ಲೋಟ ಮತ್ತೆ ಎತ್ತಲಿಲ್ಲ. "ಲವೀನಾ, ನೀನು ಆ ನೀರಿನ ಹತ್ತಿರ ನಿಂತು ನನಗೆ ಎರಡು ಚರಣ ಹಾಡ್ತೀಯಾ? ವಲ್ಲಿ ಫೋನ್ ಹಿಡೀಲಿ. ಅವನು ಅಷ್ಟು ಮಾಡಿದರೆ ಸಾಕು."

ಆ ಊರು ಫೋಟೋಕ್ಕಿಂತ ಚಂದವಿತ್ತು. ಗುಡ್ಡಗಳ ನಡುವೆ ಉದ್ದಕ್ಕೆ ಒಳನುಗ್ಗಿದ ಕಡಲು, ಹೊಳೆಗೆ ಕಲ್ಲಿನ ಹಳೆ ಸೇತುವೆ, ಜುಲೈಯಲ್ಲೂ ಜಿಟಿಜಿಟಿ ಮಳೆ. ನಲವತ್ತಾರು ಡಿಗ್ರಿಯಿಂದ ಬಂದ ನಮಗೆ ಹುಚ್ಚು ಹಿಡಿಯಿತು. ಊರಿನವರೆಲ್ಲ ಅಂಗಡಿಯ ಮಾಡಿನಡಿ ನಿಂತಿದ್ದರೆ ಲವೀನಾ ಕೊಡೆಯಿಲ್ಲದೆ ಮೂರು ದಿನ ನೆನೆದಳು. ನಾಲ್ಕನೆಯ ದಿನ ಬಾಯಿ ತೆರೆದರೆ ಬರಿಯ ಗಾಳಿ. ಕರಿಮೆಣಸಿನ ಕಷಾಯ ಎರಡು ಪಾತ್ರೆ ಮುಗಿದರೂ ಸ್ವರ ಮರಳಲಿಲ್ಲ. ಮರುದಿನ ಬೆಳಿಗ್ಗೆ ನಮ್ಮ ವಿಮಾನ. ಅವಳು ಒಂದು ಚೀಟಿಯಲ್ಲಿ ಬರೆದು ಕೊಟ್ಟಳು: "ನೀವೇ ಹಾಡಿ. ಬೇರೆ ದಾರಿ ಇಲ್ಲ." ಕೊನೆಯ ಮಾತಿನ ಕೆಳಗೆ ಗೆರೆ ಎಳೆದಿದ್ದಳು.

ಸಂಜೆ ದಡಕ್ಕೆ ಹೋದೆವು. ಲವೀನಾ ಫೋನ್ ಹಿಡಿದಳು. "ಡ್ಯಾಡಾ, ಪ್ಲೀಸ್, ಪೀಪಲ್ ಆರ್ ದೇರ್" ಎಂದ ಮಗಳು ರಿಯಾ, ದೂರ ಹೋಗಿ ಬೇರೆ ಯಾರದೋ ಮಗುವಿನಂತೆ ನಿಂತಳು. ಪೀಪಲ್ ಎಂದರೆ ನಾಯಿ ಹಿಡಿದು ಬಂದಿದ್ದ ಒಬ್ಬ ಮುದುಕ. ಕಣ್ಣು ಮುಚ್ಚಿ ಶುರುಮಾಡಿದೆ. ನಾಲ್ಕನೆಯ ಸಾಲಿಗೆ ಬರುವಷ್ಟರಲ್ಲಿ ಮುದುಕ ಹತ್ತಿರ ಬಂದು, ಏನಾದರೂ ಸಹಾಯ ಬೇಕೇ, ಯಾರನ್ನಾದರೂ ಕರೆಯಲೇ ಎಂದು ಕಾಳಜಿಯಿಂದ ಕೇಳಿದ. ಹಾಡುತ್ತಿದ್ದೇನೆ ಎಂದೆ. ಊರಿಗೆ ಹೊರಟ ಹಿರಿಯರೊಬ್ಬರಿಗಾಗಿ ಎಂದೂ ವಿವರಿಸಿದೆ. ಆತ ನಾಯಿಯ ಹಗ್ಗ ಕೈಗೆ ಸುತ್ತಿಕೊಂಡು ನನ್ನ ಪಕ್ಕದಲ್ಲೇ ನಿಂತ. ಮತ್ತೆ ಮೊದಲಿಂದ ಹಾಡಿದೆ. ಎರಡನೆಯ ಚರಣದಲ್ಲಿ ಮಾತು ಮರೆತು ನಿಂತಾಗ ಪಕ್ಕದಿಂದ ಗೊಗ್ಗರು ದನಿಯೊಂದು ಮುಂದಿನ ಸಾಲು ಎತ್ತಿಕೊಂಡಿತು. ಮುದುಕ ನನ್ನ ಕಡೆ ನೋಡದೆ, ಕಡಲಿಗೇ ಹೇಳುವಂತೆ ಹಾಡುತ್ತಿದ್ದ. ಇಬ್ಬರೂ ಸೇರಿ ಮುಗಿಸಿದೆವು. ಆತನ ದನಿ ಸೇರಿದ್ದರಿಂದ ನನ್ನ ಕೊನೆಯ ಸಾಲೂ ಸ್ವಲ್ಪ ಸುಧಾರಿಸಿತೆಂದು ನನ್ನ ನಂಬಿಕೆ.

ಅಬುಧಾಬಿಗೆ ಮರಳಿದ ಮೇಲೆ ನಾವೇ ಹೋಗಿ ತೋರಿಸಿದೆವು. ಫೆಲ್ಸಿಬಾಯಿಯ ಕೋಣೆಯ ತುಂಬ ಕಾರ್ಗೋ ಪೆಟ್ಟಿಗೆಗಳು. ಒಂದರ ಮೇಲೆ ಕೂತು ಎರಡು ಸಲ ನೋಡಿದರು. ಕಣ್ಣು ಒರೆಸಿಕೊಂಡರು. ನಾನು ವಿನಯದಿಂದ ನೆಲ ನೋಡುತ್ತಿದ್ದೆ.

"ವಲ್ಲಿ, ಇದರಲ್ಲಿ ಆ ಅಲೆ ಇರಲಿ, ಗಾಳಿ ಇರಲಿ, ಆ ಅಜ್ಜನೂ ಇರಲಿ. ನಿನ್ನನ್ನು ಮಾತ್ರ ತೆಗೀಲಿಕ್ಕೆ ಆಗ್ತದಾ?" ಎಂದರು, ಅದೇ ಮೆತ್ತನೆಯ ದನಿಯಲ್ಲಿ.

ಆಫೀಸಿನ ಕೆಳಗಿನ ಸ್ಟುಡಿಯೋದವನ ಬಳಿಗೆ ನಾನೇ ಒಯ್ದೆ. ಅವನು ಅರ್ಧ ದಿನ ಹೆಣಗಿ, ಯಾವುದು ಗಾಳಿ ಯಾವುದು ನೀವು ಎಂದು ಕಂಪ್ಯೂಟರಿಗೆ ತಿಳಿಯುವುದಿಲ್ಲ ಸಾರ್ ಎಂದು ಕೈಚೆಲ್ಲಿದ. ಹಾಗಾಗಿ ಫೆಲ್ಸಿಬಾಯಿ ಆ ಕಡಲನ್ನು ನನ್ನ ಸಮೇತ ಊರಿಗೆ ಒಯ್ಯಬೇಕಾಯಿತು. ಮೊನ್ನೆ ಫೋನ್ ಮಾಡಿ ವಿಚಾರಿಸಿದೆ. ಮಲಗುವ ಮುಂಚೆ ದಿನಾ ಹಾಕಿಕೊಳ್ಳುತ್ತಾರಂತೆ. "ಈಗ ನನಗೆ ಅಭ್ಯಾಸ ಆಗಿದೆ" ಎಂದರು. ಸಂಗೀತದಲ್ಲಿ ನನಗೆ ಸಿಕ್ಕ ಒಂದೇ ಪ್ರಶಸ್ತಿಯಿದು. ಯಾವುದಕ್ಕೆ ಅಭ್ಯಾಸವಾಗಿದೆ, ಅಲೆಗೋ ನನಗೋ ಎಂದು ಕೇಳಲು ಹೋಗಲಿಲ್ಲ, ಕೇಳಿದರೆ ಹೇಳಿಬಿಡುತ್ತಾರೆ.