ನಮ್ಮತ್ತೆಯ ಬಿಸಿಲು ಪೆಟ್ಟಿಗೆ

ನಮ್ಮ ಸೋದರತ್ತೆಗೆ ಸೂರ್ಯನ ಮೇಲೆ ಅಪಾರ ನಂಬಿಕೆ. ಸೂರ್ಯನಿಗೆ ಮಾತ್ರ ನಮ್ಮತ್ತೆಯನ್ನು ಕಂಡರೆ ಅಷ್ಟಕ್ಕಷ್ಟೆ!

ಸುಮ್ಮನೆ ಹೇಳುತ್ತಿಲ್ಲ. ಚಾಮರಾಜಪೇಟೆಯಲ್ಲಿ ಅತ್ತೆಯ ಬೀದಿಯವರು ಬೆಡ್‌ಶೀಟು ಒಗೆಯುವ ಮುಂಚೆ ಆಕಾಶ ನೋಡುತ್ತಿರಲಿಲ್ಲ, ಅತ್ತೆಯ ಗೇಟು ನೋಡುತ್ತಿದ್ದರು. "ಟೀಚರ್, ಇವತ್ತು ಪೆಟ್ಟಿಗೆ ಸ್ಕೂಲಿಗೆ ತಗೊಂಡ್ಹೋಗ್ತಿದೀರಾ?" ಎಂದು ಕೇಳುತ್ತಿದ್ದರು. ಅತ್ತೆ "ಹೂಂ ಕಣಮ್ಮ" ಎಂದರೆ ಸಾಕು, ನೆನೆಹಾಕಲು ತೆಗೆದ ಬೆಡ್‌ಶೀಟು ಮತ್ತೆ ಮಂಚದ ಮೇಲೆ ಹೋಗುತ್ತಿತ್ತು. ಆ ದಿನ ಮೋಡ ಖಾತ್ರಿ!

ಪೆಟ್ಟಿಗೆ ಎಂದರೆ ಸೋಲಾರ್ ಕುಕ್ಕರ್. ನೋಡಲು ದೊಡ್ಡ ಸೂಟ್‌ಕೇಸಿನಂತಿದೆ. ಮುಚ್ಚಳದ ಒಳಗೆ ಕನ್ನಡಿ, ಅದರ ಕೆಳಗೆ ಗಾಜು, ಗಾಜಿನ ಕೆಳಗೆ ಕಪ್ಪು ಬಣ್ಣ ಬಳಿದ ನಾಲ್ಕು ಡಬ್ಬಿ. ಬಿಸಿಲಿಗೆ ತೆರೆದಿಟ್ಟರೆ ಎರಡು ಮೂರು ಗಂಟೆಯಲ್ಲಿ ಅನ್ನವಾಗುತ್ತದೆ. ಆಗಬೇಕು. ಅತ್ತೆ ಅಲ್ಲೇ ಹತ್ತಿರದ ಕನ್ನಡ ಶಾಲೆಯೊಂದರಲ್ಲಿ ಏಳನೇ ತರಗತಿಗೆ ವಿಜ್ಞಾನ ಹೇಳುತ್ತಿದ್ದವರು. 'ಶಕ್ತಿ ಸಂಪನ್ಮೂಲಗಳು' ಎಂಬ ಪಾಠ ಮಾಡುವಾಗ, ಒಂದೇ ಒಂದು ಸಲ, ಒಂದು ಕ್ಲಾಸಿನ ಮಕ್ಕಳೆಲ್ಲ ಸೂರ್ಯ ಬೇಯಿಸಿದ ಅನ್ನ ಉಣ್ಣಬೇಕು. ಇದು ಅತ್ತೆಯ ಜೀವಮಾನದ ಆಸೆ. ಕೇಳುವುದಕ್ಕೆ ಎಷ್ಟು ಸಣ್ಣದು ನೋಡಿ! ಆದರೆ ಆ ಪಾಠ ಬರುವುದು ಜುಲೈ ತಿಂಗಳಲ್ಲಿ. ಬೆಂಗಳೂರಿನ ಜುಲೈ ಗೊತ್ತಲ್ಲ? ಏಪ್ರಿಲ್ಲಿನಲ್ಲಿ ತಲೆ ಕಾಯಿಸುವ ಸೂರ್ಯ ಇರುತ್ತಾನೆ, ಶಾಲೆಗೆ ರಜ. ಶಾಲೆ ಶುರುವಾಯಿತೋ, ಸೂರ್ಯನಿಗೆ ರಜ.

"ಲೇ, ಆ ಪಾಠಾನ ಮಾರ್ಚಿಗೆ ಹಾಕ್ಕೊಳ್ಳೇ" ಎಂದು ಮಾವ ಎಷ್ಟೋ ಸಲ ಹೇಳಿದ್ದರು.

"ಮಾರ್ಚಲ್ಲಿ ಪರೀಕ್ಷೆ ರೀ. ಮಕ್ಕಳು ಓದ್ಕೋಬೇಕೋ, ಕೂತು ಅನ್ನ ತಿನ್ಬೇಕೋ?"

"ಹಾಗಾದ್ರೆ ಸೂರ್ಯನಿಗೇ ಒಂದು ಮೆಮೊ ಕೊಟ್ಬಿಡು!"

ಪೆಟ್ಟಿಗೆ ಶಾಲೆಗೆ ಹೋಗುತ್ತಿದ್ದುದು ಆಟೋದಲ್ಲಿ. ಆಟೋದವರಿಗೆಲ್ಲ ಒಂದೇ ಅನುಮಾನ. "ಏನ್ ಮೇಡಂ, ಊರಿಗಾ? ಮೆಜೆಸ್ಟಿಕ್ಕಿಗೆ ಬಿಡ್ಲಾ?" ಒಬ್ಬರಂತೂ ಅದನ್ನು ಹಾರ್ಮೋನಿಯಂ ಎಂದು ತಿಳಿದು, ಭಜನೆ ಎಲ್ಲಿ, ಪ್ರಸಾದ ಇದೆಯಾ ಎಂದು ವಿಚಾರಿಸಿದರಂತೆ. ಅತ್ತೆ ಶಾಲೆ ತಲುಪುವ ತನಕ ಅವರಿಗೆ ಸೌರಶಕ್ತಿಯ ಪಾಠ ಮಾಡಿದರು. ಇಳಿಯುವಾಗ ಆಟೋದವರು ಮೇಲೆ ನೋಡಿ, "ಮೇಡಂ, ಛತ್ರಿ ತಂದಿದೀರಾ?" ಎಂದರಂತೆ.

ಹೀಗಾಗಿ ಪ್ರತಿ ವರ್ಷ ಮಧ್ಯಾಹ್ನ ಒಂದು ಗಂಟೆಗೆ ಮಾವ ದೊಡ್ಡ ಕ್ಯಾರಿಯರ್ ಹಿಡಿದು ಶಾಲೆಯ ಗೇಟಿನಲ್ಲಿ ಪ್ರತ್ಯಕ್ಷರಾಗುತ್ತಿದ್ದರು. ಅದರಲ್ಲಿ ಪುಳಿಯೋಗರೆ. ಅತ್ತೆಗೆ ಇದರಿಂದ ಎಷ್ಟು ಅವಮಾನವಾಗುತ್ತಿತ್ತೋ, ಬಡಿಸುವಾಗ ಮಾತ್ರ ಸತ್ಯ ಮರೆಮಾಚುತ್ತಿರಲಿಲ್ಲ. "ಮಕ್ಕಳೇ, ಇದು ಗ್ಯಾಸ್ ಒಲೆ ಮೇಲೆ ಮಾಡಿದ್ದು. ಪಳೆಯುಳಿಕೆ ಇಂಧನದ ಪುಳಿಯೋಗರೆ. ಯೋಚನೆ ಮಾಡ್ಕೊಂಡು ತಿನ್ನಿ!" ಮಕ್ಕಳು ಯೋಚನೆ ಮಾಡಿದ್ದನ್ನು ನಾನು ಕಂಡಿಲ್ಲ. ಎರಡೆರಡು ಸಲ ಹಾಕಿಸಿಕೊಂಡದ್ದನ್ನು ಕಂಡಿದ್ದೇನೆ.

ಶಾಲೆಯೊಳಗಿನ ಮೇಷ್ಟ್ರುತನ ಶಾಲೆಯೊಳಗೇ ಇದ್ದಿದ್ದರೆ ನಾವು ನೆಂಟರು ಬದುಕಿಕೊಳ್ಳುತ್ತಿದ್ದೆವು. ಅತ್ತೆ ಬಂದ ಮನೆಯಲ್ಲಿ ಫ್ಯಾನು, ಲೈಟು ತಾವಾಗಿಯೇ ನಿಂತುಹೋಗುತ್ತಿದ್ದವು. ಬಚ್ಚಲಿನೊಳಗೆ ನಮ್ಮಪ್ಪ ಸೋಪು ಹಚ್ಚಿಕೊಂಡು ಕತ್ತಲಲ್ಲಿ ಕೂಗಿದ ಪ್ರಸಂಗಗಳನ್ನು ಎಣಿಸುವುದು ಬೇಡ. ನನ್ನ ಮದುವೆಯ ಕಥೆ ಹೇಳಿಬಿಡುತ್ತೇನೆ. ಬೆಳಿಗ್ಗೆ ಹತ್ತೂವರೆಯ ಮುಹೂರ್ತ. ಅಂತರಪಟ ಸರಿಯುವ ಹೊತ್ತಿಗೆ ಸರಿಯಾಗಿ ಮಂಟಪದ ದೀಪಗಳೆಲ್ಲ ಆರಿಹೋದವು. ವಿಡಿಯೋದವರು ಬಾಯಿ ಬಡಿದುಕೊಂಡರು. ನೋಡಿದರೆ, ಸ್ವಿಚ್ಚಿನ ಹಲಗೆ ಪಕ್ಕದಲ್ಲಿ ಜರಿ ಸೀರೆ ಉಟ್ಟ ನಮ್ಮತ್ತೆ! "ಹಟ್ಟಹಗಲಲ್ಲಿ ಇಷ್ಟೊಂದು ಲೈಟ್ ಯಾಕ್ರಪ್ಪಾ?" ಇವತ್ತಿಗೂ ನನ್ನ ಮದುವೆಯ ವಿಡಿಯೋದಲ್ಲಿ ಗಂಡನ ಮುಖ ಕಾಣುವುದಿಲ್ಲ. ಕತ್ತಲಲ್ಲಿ ಗಟ್ಟಿಮೇಳ, ಅದರ ಮೇಲೆ ಅತ್ತೆಯ ಧ್ವನಿ ಮಾತ್ರ ಸ್ಪಷ್ಟವಾಗಿದೆ: "ಕಲ್ಲಿದ್ದಲು ಕಣಪ್ಪಾ, ಕಲ್ಲಿದ್ದಲು!"

ಇಷ್ಟೆಲ್ಲ ಅನುಭವಿಸಿದ ಮೇಲೂ ನನಗೆ ಅತ್ತೆಯ ಮೇಲೆ ಇದ್ದ ನಿಜವಾದ ಸಿಟ್ಟು ಬೇರೆ. ಅದು ಏಳನೇ ತರಗತಿಯದು.

ಹೌದು, ನಾನೂ ಅವರ ವಿದ್ಯಾರ್ಥಿನಿ. ಶಾಲೆಯ ಗೇಟು ದಾಟಿದರೆ ಅತ್ತೆ ಅನ್ನಬಾರದು, ಮಿಸ್ ಅನ್ನಬೇಕು ಎಂದು ಮೊದಲ ದಿನವೇ ಕಟ್ಟಪ್ಪಣೆಯಾಗಿತ್ತು. ಜುಲೈ ಬಂತು, ಆ ಪಾಠವೂ ಬಂತು. 'ನವೀಕರಿಸಲಾಗದ ಶಕ್ತಿ ಸಂಪನ್ಮೂಲಗಳು' ಎಂದು ಓದುವಷ್ಟರಲ್ಲಿ ನಮ್ಮ ನಾಲಿಗೆಯ ಶಕ್ತಿಯೇ ಮುಗಿಯುತ್ತಿತ್ತು. ಮಿಸ್ ಪುಸ್ತಕ ಮುಚ್ಚಿಸಿ, "ಮುಗಿಯೋದು, ಮುಗಿಯದ್ದು. ಎರಡೇ. ತಿಳೀತಾ?" ಎಂದರು. ಆಮೇಲೆ ಹುರಿದ ಕಡಲೆಕಾಯಿ ತುಂಬಿದ ಡಬ್ಬ ತೆಗೆದು ಮೊದಲ ಬೆಂಚಿಗೆ ಕೊಟ್ಟರು. "ಎಷ್ಟು ಬೇಕೋ ತಗೊಳ್ಳಿ, ಹಿಂದಕ್ಕೆ ಕೊಡಿ."

ಮೊದಲ ಬೆಂಚಿನಲ್ಲಿದ್ದದ್ದು ನಾನು! ಎರಡೂ ಜೇಬು ತುಂಬಿಸಿದೆ, ಕಂಪಾಸ್ ಬಾಕ್ಸು ಖಾಲಿ ಮಾಡಿ ಅದನ್ನೂ ತುಂಬಿಸಿದೆ. ಕೊನೆಯ ಬೆಂಚಿಗೆ ಡಬ್ಬ ತಲುಪಿದಾಗ ಅದರಲ್ಲಿ ಧೂಳು ಮತ್ತು ಎರಡು ಜೊಳ್ಳು ಕಾಯಿ. "ಮಿಸ್, ನಮಗೆ?" ಎಂದು ಅವರು ರಾಗ ಎಳೆದರು. ಮಿಸ್ ನನ್ನ ಕಡೆ ಕೈ ತೋರಿಸಿದರು. "ಇವಳು ಅಜ್ಜಿ. ನೀವು ಇವಳ ಮೊಮ್ಮಕ್ಕಳು. ಡಬ್ಬದಲ್ಲಿದ್ದದ್ದು ಕಲ್ಲಿದ್ದಲು. ಏನ್ ಮಾಡ್ದೆ ಅಂತ ಅಜ್ಜೀನೇ ಕೇಳಿ." ಹನ್ನೆರಡನೇ ವಯಸ್ಸಿಗೆ ಅಜ್ಜಿಯಾದವಳು, ಅದೂ ಇಂಥ ಕೆಟ್ಟ ಅಜ್ಜಿಯಾದವಳು ನಾನೊಬ್ಬಳೇ ಇರಬೇಕು. ಜೇಬು, ಬಾಕ್ಸು ಎಲ್ಲ ಬರಿದುಮಾಡಿ ಕೊನೆಯ ಬೆಂಚಿಗೆ ಹಂಚಿದ ಮೇಲೆಯೇ ಆ ಬೆಂಚಿನವರು ನನ್ನ ಜೊತೆ ಮಾತನಾಡಿದ್ದು.

"ಇದು ಮುಗಿಯೋದು. ಮುಗಿಯದ್ದನ್ನ ನಾಳೆ ತೋರಿಸ್ತೀನಿ" ಎಂದರು ಮಿಸ್. ಮರುದಿನ ಪೆಟ್ಟಿಗೆ ಬಂತು. ಮೋಡ ಬಂತು. ಮಾವ ಬಂದರು, ಪುಳಿಯೋಗರೆ ಬಂತು.

ಪ್ರಯೋಗದ ನೋಟ್ಸಿನಲ್ಲಿ ಉದ್ದೇಶ, ವಿಧಾನ, ವೀಕ್ಷಣೆ ಎಂದೆಲ್ಲ ಬರೆಯಬೇಕಿತ್ತು. ಅತ್ತೆಯ ಸಪ್ಪೆ ಮುಖ ನೋಡಿ ನನಗೆ ಪಾಪ ಅನ್ನಿಸಿತ್ತು. ವೀಕ್ಷಣೆ ಎಂಬಲ್ಲಿ ಮುದ್ದಾದ ಅಕ್ಷರದಲ್ಲಿ 'ಅನ್ನ ಚೆನ್ನಾಗಿ ಬೆಂದಿತು' ಎಂದು ಬರೆದೆ. ಪುಸ್ತಕ ವಾಪಸು ಬಂದಾಗ ಅದರ ಮೇಲೆ ಕೆಂಪು ಶಾಯಿಯ ಸೊನ್ನೆ. ಇಡೀ ಕ್ಲಾಸಿಗೆ ಒಂದೇ ಸೊನ್ನೆ, ಅದು ಸ್ವಂತ ಅಣ್ಣನ ಮಗಳಿಗೆ!

"ಕಂಡದ್ದನ್ನ ಕಂಡ ಹಾಗೆ ಬರೀಬೇಕು ಪುಟ್ಟಿ. ಸೊನ್ನೆ ಬಂದೋರು ಪ್ರಯೋಗ ಮತ್ತೆ ಮಾಡ್ಬೇಕು. ಬಿಸಿಲು ಬಂದ ಭಾನುವಾರ ನಮ್ಮನೆ ಟೆರೇಸಿಗೆ ಬಾ" ಎಂದರು.

ನಾನು ಹೋಗುತ್ತೇನೆಯೇ? ಬಿಸಿಲು ಬಂತು, ಭಾನುವಾರವೂ ಬಂತು. ನಾನು ಹೊಟ್ಟೆನೋವೆಂದು ಮಲಗಿದೆ. ಆಮೇಲೆ ಅವರೂ ಕರೆಯಲಿಲ್ಲ. ಆ ಸಿಟ್ಟನ್ನು ನಾನು ಇಪ್ಪತ್ತೈದು ವರ್ಷ ಜೋಪಾನವಾಗಿ ಕಾಪಾಡಿಕೊಂಡು ಬಂದೆ.

ಕಳೆದ ಜುಲೈ ಕೊನೆಗೆ ಅತ್ತೆಗೆ ನಿವೃತ್ತಿ. ಕೊನೆಯ ದಿನವನ್ನೇ ಅವರು ಪ್ರಯೋಗಕ್ಕೆ ಇಟ್ಟುಕೊಂಡರು. ಸನ್ಮಾನ ಬೇಡ, ಶಾಲು ಬೇಡ, ಒಂದು ಮೂರು ಗಂಟೆ ಬಿಸಿಲು ಸಾಕು ಎಂದು ಹೆಡ್‌ಮಿಸ್ಸಿಗೆ ಹೇಳಿದ್ದರಂತೆ. ಹೆಡ್‌ಮಿಸ್ ಶಾಲು ಕೊಡಬಲ್ಲರು, ಬಿಸಿಲು ಎಲ್ಲಿಂದ ತರುತ್ತಾರೆ? ಮಾವನಿಗೆ ಮಂಡಿನೋವು. ಹಾಗಾಗಿ ಬ್ಯಾಂಕಿಗೆ ಅರ್ಧ ದಿನ ರಜ ಹಾಕಿ ಪುಳಿಯೋಗರೆಯ ಕ್ಯಾರಿಯರ್ ಹೊತ್ತು ನಾನು ಹೋದೆ.

ಶಾಲೆಯ ಅಂಗಳದ ನಡುವೆ ಪೆಟ್ಟಿಗೆ ಬಾಯಿ ತೆರೆದುಕೊಂಡು ಕೂತಿತ್ತು. ಮೇಲೆ ಬೂದಿ ಬಣ್ಣದ ಆಕಾಶ, ಸುಯ್ಯೆನ್ನುವ ಆಷಾಢದ ಗಾಳಿ. ಹತ್ತೂವರೆಯಿಂದ ಸೂರ್ಯ ಒಂದು ಇಪ್ಪತ್ತು ನಿಮಿಷ ಮುಖ ತೋರಿಸಿ ಹೋಗಿದ್ದನಂತೆ. ಅತ್ತೆ ಕನ್ನಡಿಯನ್ನು ಆ ಕಡೆ ಈ ಕಡೆ ತಿರುಗಿಸುತ್ತಲೇ ಇದ್ದರು. ಆ ದಿನ ಮೊದಲ ಬಾರಿಗೆ ನನಗೆ ತಮಾಷೆ ಅನ್ನಿಸಲಿಲ್ಲ. ಮೂವತ್ತು ವರ್ಷದ ಮೇಲಾಯಿತು, ಒಂದು ಸಲ ಬಂದು ಹೋಗಲು ನಿನಗೇನಪ್ಪಾ ರೋಗ ಎಂದು ಸೂರ್ಯನನ್ನು ಮನಸ್ಸಿನಲ್ಲೇ ಬೈದೆ.

ಒಂದೂವರೆಗೆ ಡಬ್ಬಿ ತೆರೆದರು. ಅಕ್ಕಿ ಬೆಚ್ಚಗಿತ್ತು. ಅಷ್ಟೆ. ಇಪ್ಪತ್ತೆರಡು ಮಕ್ಕಳು ತಟ್ಟೆ ಹಿಡಿದು ಸಾಲಾಗಿ ನಿಂತಿದ್ದರು. ನಾನು ಕ್ಯಾರಿಯರ್ ಮುಂದೆ ತಂದೆ. ಆದರೆ ಸಾಲಿನ ಮೊದಲಿಗಿದ್ದ ಆಯಿಷಾ ಎಂಬ ಹುಡುಗಿ ತಟ್ಟೆ ಚಾಚಿ, "ಮೊದಲು ಸೂರ್ಯಂದು ಹಾಕಿ ಮಿಸ್" ಎಂದಳು. ಅತ್ತೆ ಒಂದು ಸೌಟು ಹಾಕಿದರು. ಅವಳು ಬಾಯಿಗಿಟ್ಟು ಅಗಿದಳು. ಕಟುಕ್ ಎಂದ ಸದ್ದು ನನಗೇ ಕೇಳಿಸಿತು.

"ಹೇಗಿದೆ?" ಎಂದರು ಅತ್ತೆ.

"ಬೆಂದಿದೆ ಮಿಸ್."

ಅವಳ ಹಿಂದಿನ ಹುಡುಗ, "ಚೆನ್ನಾಗಿ ಬೆಂದಿದೆ ಮಿಸ್" ಎಂದ. ಅವನ ಹಿಂದಿನವನು, "ನಮ್ಮಮ್ಮ ಮಾಡೋದಕ್ಕಿಂತ ಮೆತ್ತಗಿದೆ ಮಿಸ್" ಎಂದ. ಕಟುಕ್, ಕಟುಕ್, ಕಟುಕ್. ಇಪ್ಪತ್ತೆರಡು ಮಕ್ಕಳೂ ಒಂದು ಕಾಳು ಬಿಡದೆ ತಿಂದರು. ಆಮೇಲೆ ಪುಳಿಯೋಗರೆಯನ್ನೂ ಬಿಡಲಿಲ್ಲ ಅನ್ನಿ!

ಸಂಜೆ ಸ್ಟಾಫ್ ರೂಮಿನಲ್ಲಿ ಅತ್ತೆ ಕೊನೆಯ ಸಲ ನೋಟ್ಸ್ ತಿದ್ದಲು ಕೂತರು. ಪಕ್ಕದಲ್ಲಿ ನಾನಿದ್ದೆ. ಮೊದಲ ಪುಸ್ತಕದಲ್ಲಿ 'ಅನ್ನ ಬೆಂದಿತು'. ಎರಡನೆಯದರಲ್ಲಿ 'ಅನ್ನ ಬೆಂದಿತು'. ಇಪ್ಪತ್ತೆರಡರಲ್ಲೂ ಅದೇ. ಅತ್ತೆ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದು ಒರೆಸಿದರು. ಆಮೇಲೆ ಕೆಂಪು ಪೆನ್ನು ತೆಗೆದು ಒಂದೊಂದಕ್ಕೂ ದುಂಡಗೆ ಸೊನ್ನೆ ಹಾಕುತ್ತಾ ಹೋದರು.

"ಅತ್ತೆ! ಇವತ್ತೂನಾ? ಪಾಪ, ನಿಮಗೋಸ್ಕರ ಆ ಮಕ್ಕಳು ಹಸಿ ಅಕ್ಕಿ ತಿಂದಿದಾವೆ!" ನನ್ನ ಹಳೆಯ ಸಿಟ್ಟೂ ಸೇರಿ ಧ್ವನಿ ಜೋರಾಗಿಯೇ ಬಂತು.

ಅತ್ತೆ ತಲೆ ಎತ್ತಲಿಲ್ಲ. "ಸೊನ್ನೆ ಬಂದೋರು ಮತ್ತೆ ಮಾಡ್ಬೇಕಲ್ವೇನೇ?" ಎಂದರು. "ಸರಿ ಅಂತ ಹಾಕ್ಬಿಟ್ರೆ ನಾಳೆಯಿಂದ ಅವರು ನನ್ನ ಹತ್ರ ಯಾಕೆ ಬರ್ತಾರೆ?"

ನಾನು ತಿದ್ದಿ ಮುಗಿದ ಪುಸ್ತಕಗಳನ್ನು ಒಂದರ ಮೇಲೊಂದು ಜೋಡಿಸಿಟ್ಟೆ.

ಗಣೇಶನ ಹಬ್ಬ ಕಳೆದ ಮೇಲೆ ಒಂದು ಭಾನುವಾರ ಕಣ್ಣು ಬಿಡಲಾಗದಂಥ ಬಿಸಿಲು ಬಂತು. ಅತ್ತೆಯ ತಾರಸಿಯ ತುಂಬ ಚಪ್ಪಲಿ, ನೋಟ್ಸು, ಗದ್ದಲ. ಇಪ್ಪತ್ತೆರಡರಲ್ಲಿ ಹತ್ತೊಂಬತ್ತು ಮಕ್ಕಳು ತಮ್ಮ ತಮ್ಮ ಸೊನ್ನೆ ಹಿಡಿದುಕೊಂಡು ಬಂದಿದ್ದರು. ಡಬ್ಬಿಯ ಮುಚ್ಚಳ ತೆಗೆದಾಗ ಹಬೆ ಎದ್ದು ಅತ್ತೆಯ ಕನ್ನಡಕ ಮಸುಕಾಯಿತು. ಆಯಿಷಾ ಒಂದು ಅಗುಳನ್ನು ಬೆರಳಲ್ಲಿ ಹಿಸುಕಿ, "ಮಿಸ್, ಇದು ನಿಜವಾಗ್ಲೂ ಬೆಂದಿದೆ ಮಿಸ್!" ಎಂದು ಕಿರುಚಿದಳು. ಅಂದರೆ ಅವತ್ತಿನದು ಸುಳ್ಳೆಂದು ತಾನೇ ಒಪ್ಪಿಕೊಂಡಂತಾಯಿತು. ಎಲ್ಲರೂ ಗೊಳ್ಳೆಂದು ನಕ್ಕರು.

ಮಾವ ಮೆಟ್ಟಿಲ ಮೇಲೆ ಮಂಡಿ ನೀವಿಕೊಳ್ಳುತ್ತಾ ಕೂತಿದ್ದರು. ನನ್ನನ್ನು ಹತ್ತಿರ ಕರೆದು ಮೆಲ್ಲಗೆ, "ನಿನಗೂ ಒಂದು ಸಲ ಹೀಗೇ ಕಾದಿದ್ಲು ಕಣಮ್ಮ" ಎಂದರು. "ಎರಡು ತಟ್ಟೆ ಇಟ್ಕೊಂಡು, ತುಪ್ಪ ಕಾಯಿಸಿಟ್ಕೊಂಡು, ಮೂರು ಗಂಟೆ ತನಕ ಇದೇ ಬಿಸಿಲಲ್ಲಿ ಕೂತಿದ್ಲು. ಹುಡುಗಿಗೆ ಹೊಟ್ಟೆನೋವಂತೆ ಪಾಪ ಅಂತ ಆಮೇಲೆ ಒಬ್ಬಳೇ ಉಂಡ್ಲು."

ಆ ಮಾತು ಕೇಳಿ ನನಗೆ ಆದ ಸಂಕಟವನ್ನು ಹೇಗೆ ಹೇಳಲಿ? ಇಷ್ಟು ವರ್ಷ ನಾನು ಅದನ್ನು ಶಿಕ್ಷೆ ಎಂದುಕೊಂಡಿದ್ದೆ. ಒಂದು ತಟ್ಟೆ ತೆಗೆದುಕೊಂಡು ಮಕ್ಕಳ ಸಾಲಿನ ಕೊನೆಯಲ್ಲಿ ನಿಂತೆ. ನನ್ನ ಸರದಿ ಬಂದಾಗ ಅತ್ತೆ ಸೌಟು ಹಿಡಿದು ಹಾಗೇ ನೋಡಿದರು.

"ನಿಂದೇನೇ?"

"ನಂದೂ ಒಂದು ಸೊನ್ನೆ ಇದೆ."

"ಬಸವನಗುಡಿಯ ನಿಮ್ಮ ಮನೆಯಿಂದ ಇಲ್ಲಿಗೆ ಎಷ್ಟು ದೂರ? ಟೆರೇಸ್ ಹತ್ತೋಕೆ ಇಷ್ಟು ವರ್ಷ ಬೇಕಾಯ್ತಾ?" ಎಂದು ಗದರಿದರು. ಆದರೆ ತುಪ್ಪವನ್ನು ಮಾತ್ರ ಮಕ್ಕಳಿಗಿಂತ ಜಾಸ್ತಿ ಹಾಕಿದರು.

ಒಂದು ತುತ್ತು ಬಾಯಿಗಿಟ್ಟೆ. ಕಟುಕ್ ಅನ್ನಲಿಲ್ಲ. ಬಿಸಿಯಾಗಿ, ಮೆತ್ತಗೆ ಕರಗಿತು.

"ಏನೇ, ಹೇಗಿದೆ? ಕಂಡದ್ದನ್ನ ಕಂಡ ಹಾಗೆ ಹೇಳ್ಬೇಕು" ಎಂದರು.

"ಬೆಂದಿದೆ, ಮಿಸ್" ಎಂದೆ.